ಚರ್ಚ್ ಬಾಗಿಲ ಸತ್ಯಾಗ್ರಹ: ಬಾಡಿಗೆ ಪೋಸ್ಟರ್ ಸೆಟ್ ಹೇಗಿದೆ?

ವಿಜಯಪುರದ ಫ್ಲೆಕ್ಸ್ ಅಂಗಡಿಯೊಂದು ಕಾಲೇಜುಗಳಿಗೆ ಬಾಡಿಗೆ ಕೊಡುವ ಈ ಸೆಟ್‌ನಲ್ಲಿ ಎರಡು ಅಡಿ ಅಗಲ, ಮೂರು ಅಡಿ ಎತ್ತರದ 18 ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಫಲಕಗಳಿವೆ. ವಿಷಯ, ಕರಿಯರನ್ನು ಒಳಗೆ ಬಿಡದ ಅಮೆರಿಕದ ಚರ್ಚ್‌ಗಳ ಮುಂದೆ ಮಂಡಿಯೂರಿ ಪ್ರಾರ್ಥಿಸಿದವರ ಹೋರಾಟ.

ಆಯ್ಕೆ ಗಟ್ಟಿಯಾಗಿದೆ. ಅಟ್ಲಾಂಟಾದಲ್ಲಿ 1960ರಲ್ಲಿ ನಡೆದದ್ದಕ್ಕೇ ನಿಲ್ಲದೆ, ಜಾರ್ಜಿಯಾದ ಸಣ್ಣ ಊರು ಅಮೆರಿಕಸ್‌ನ 1965ರ ಘಟನೆಯನ್ನೂ ತೋರಿಸುತ್ತದೆ. ಅದೇ ರಾಜ್ಯದ ಪ್ಲೇನ್ಸ್ ಊರಿನ ಫಲಕವಂತೂ ಎರಡು ಸಲ ಓದಬೇಕು: ಜಿಮ್ಮಿ ಕಾರ್ಟರ್ ಅವರ ಚರ್ಚ್ 1965ರಲ್ಲಿ ಮತ ಹಾಕಿಯೇ ಕರಿಯರನ್ನು ಹೊರಗಿಟ್ಟಿತು. ಕಾರ್ಟರ್ ವಿರೋಧಿಸಿದರೂ ಸೋತರು. ನಿಷೇಧ ಹೋದದ್ದು 1976ರ ನವೆಂಬರ್‌ನಲ್ಲಿ, ಅವರು ಅಧ್ಯಕ್ಷ ಚುನಾವಣೆ ಗೆದ್ದ ಮೇಲೆ!

11ನೇ ಫಲಕ ಮಾತ್ರ ತೂಗುಹಾಕಬೇಡಿ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಚರ್ಚ್‌ಗಳು ತೆರೆದವು ಎನ್ನುತ್ತದೆ, ತಪ್ಪು. ಆ ಕಾಯ್ದೆ ಹಿಡಿದದ್ದು ಹೋಟೆಲ್, ಚಿತ್ರಮಂದಿರಗಳನ್ನು, ಚರ್ಚ್‌ಗಳನ್ನಲ್ಲ. ಆ ಜಾಗಕ್ಕೆ ದಲಿತರ ಪ್ರವೇಶಕ್ಕಾಗಿ ಅಂಬೇಡ್ಕರ್ ನಡೆಸಿದ 1930ರ ನಾಸಿಕದ ಕಾಳಾರಾಮ ಮಂದಿರ ಸತ್ಯಾಗ್ರಹದ ಚಿತ್ರ ಹಾಕಿದರೆ ನಮ್ಮ ಹುಡುಗರಿಗೆ ಬೇಗ ತಲೆಗೆ ಹತ್ತುತ್ತದೆ.

ಲ್ಯಾಮಿನೇಶನ್ ಹೊಳಪಿನದು, ಕಿಟಕಿಯ ಎದುರು ಇಟ್ಟರೆ ಅಕ್ಷರ ಕಾಣುವುದಿಲ್ಲ. ಐಲೆಟ್ (ದಾರ ಪೋಣಿಸುವ ಲೋಹದ ಬಳೆ) ಮೇಲ್ಗಡೆ ಎರಡೇ ಇರುವುದರಿಂದ ಫ್ಯಾನ್ ಗಾಳಿಗೂ ಫಲಕ ತಿರುಗುತ್ತದೆ. ಕೆಳಗೂ ಎರಡು ಹೊಡೆಸಿ ಸುತಳಿ ಬಿಗಿಯಿರಿ. ಪಠ್ಯವನ್ನು ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಬದಲಿಸುವಾಗ ಕೆಲವು ಒತ್ತಕ್ಷರ ಚದುರಿವೆ, ಮುಂಗಡ ಕೊಡುವ ಮೊದಲೇ ಒಂದೊಂದನ್ನೂ ಓದಿ ನೋಡಿ.