ಗಿಡದ ಸಾರವನ್ನು ಕ್ಯಾನ್ಸರ್ ಕೋಶದ ಮೇಲೆ ಟೆಸ್ಟ್ ಮಾಡಿಸಬೇಕಾ? ಮೈಸೂರಿನ ಒಂದು ಲ್ಯಾಬ್ ಬಗ್ಗೆ

ಮೈಸೂರು, ಮಂಡ್ಯ ಕಡೆ ಔಷಧಿ ಗಿಡಗಳ ಮೇಲೆ ಪ್ರಾಜೆಕ್ಟ್ ಮಾಡುವವರು ತುಂಬಾ ಜನ ಇದ್ದೀರಿ, ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಕ್ಯಾನ್ಸರ್ ಕೋಶ ಬೆಳೆಸುವ ಸೌಲಭ್ಯ ಎಲ್ಲ ಕಾಲೇಜಲ್ಲೂ ಇರುವುದಿಲ್ಲ, ಸ್ಯಾಂಪಲ್ ಹೊರಗೆ ಕೊಡಲೇಬೇಕು. ನಾನು ಅಮೃತಬಳ್ಳಿ ಕಾಂಡದ ಮೆಥನಾಲ್ ಸಾರವನ್ನು ರಿಂಗ್ ರಸ್ತೆ ಕಡೆಯ ಒಂದು ಖಾಸಗಿ ಲ್ಯಾಬ್‌ಗೆ ಕೊಟ್ಟಿದ್ದೆ. ದೊಡ್ಡ ಕರುಳಿನ ಕ್ಯಾನ್ಸರ್ ಕೋಶ ಎಚ್‌ಟಿ-29 ಮೇಲೆ ಎಂಟಿಟಿ ಪರೀಕ್ಷೆ, ಅಂದರೆ ಎಷ್ಟು ಕೋಶ ಬದುಕಿವೆ ಅಂತ ಬಣ್ಣ ನೋಡಿ ಹೇಳುವುದು. ಕೆಲಸ ಅಚ್ಚುಕಟ್ಟು, ರಿಪೋರ್ಟ್ ಮಾತ್ರ ಕೇಳಿ ಕೇಳಿ ಸರಿ ಮಾಡಿಸಿಕೊಳ್ಳಬೇಕು.

ಕೇಳಿದರೆ ಒಳಗೆ ಕರೆದು ತೋರಿಸುತ್ತಾರೆ, ಇದು ನನಗೆ ತುಂಬಾ ಇಷ್ಟವಾಯಿತು. ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟ್, ಅದರಲ್ಲಿ 96 ಗುಳಿ. ಹಳದಿ ಬಣ್ಣದ ಎಂಟಿಟಿ ಹಾಕಿದರೆ ಜೀವ ಇರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ, ಸತ್ತವು ಮಾಡುವುದಿಲ್ಲ. ಒಂದು ಕಡೆ ಕಡು ನೇರಳೆ, ಡೋಸ್ ಏರಿದ ಹಾಗೆಲ್ಲಾ ತೆಳುವಾಗುತ್ತಾ ಹೋಗಿ ಕೊನೆಯ ಸಾಲಿನಲ್ಲಿ ಬಣ್ಣವೇ ಇಲ್ಲ ಅನ್ನುವಷ್ಟು. ಆಮೇಲೆ ಆ ನೇರಳೆಯನ್ನು ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿ, 570 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಯಂತ್ರದಲ್ಲಿ ಓದುತ್ತಾರೆ. 1983ರಿಂದ ಬಳಕೆಯಲ್ಲಿರುವ ವಿಧಾನ.

ತಕರಾರು ಇರುವುದು ಇಲ್ಲಿ. ಮೊದಲು ಕೊಟ್ಟ ರಿಪೋರ್ಟ್ ಒಂದೇ ಪುಟ. ಒಂದು ಗ್ರಾಫ್, ಒಂದು ಐಸಿ50 ಸಂಖ್ಯೆ (ಬದುಕಿರುವ ಕೋಶದ ಲೆಕ್ಕ ಅರ್ಧಕ್ಕೆ ಇಳಿಯುವ ಡೋಸ್), ಅಷ್ಟೇ. ಗಿಡದ ಸಾರದಲ್ಲಿ ಪಾಲಿಫಿನಾಲ್ ಅನ್ನುವ ವಸ್ತುಗಳು ಜಾಸ್ತಿ ಇದ್ದರೆ ಕೋಶವೇ ಇಲ್ಲದ ಗುಳಿಯಲ್ಲೂ ಎಂಟಿಟಿ ನೇರಳೆಯಾಗುತ್ತದೆ, ಆಗ ಸತ್ತ ಕೋಶವೂ ಬದುಕಿರುವ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಕೋಶ ಹಾಕದೆ ಸಾರ ಮತ್ತು ಎಂಟಿಟಿ ಮಾತ್ರ ಹಾಕಿದ ಗುಳಿಗಳು ಬೇಕೇ ಬೇಕು. ಹೋಲಿಸಿ ನೋಡಲು ಪಕ್ಕದಲ್ಲಿ 5-ಫ್ಲೋರೋಯುರಾಸಿಲ್ ಇರಬೇಕು. 1957ರಿಂದ ಇರುವ ಔಷಧಿ, ಇವತ್ತಿಗೂ ಕರುಳಿನ ಕ್ಯಾನ್ಸರ್‌ಗೆ ಕೊಡುತ್ತಾರೆ. ಮಾಮೂಲಿ ಕೋಶಗಳ ಮೇಲೂ ಅದೇ ಸಾರ ಹಾಕಿ ನೋಡಬೇಕು. ಇಲ್ಲದಿದ್ದರೆ ಅದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತಿದೆಯೋ, ಸಿಕ್ಕಿದ್ದನ್ನೆಲ್ಲಾ ಕೊಲ್ಲುತ್ತಿದೆಯೋ ಗೊತ್ತಾಗುವುದು ಹೇಗೆ? ಇದನ್ನೆಲ್ಲಾ ಹೇಳಿದಾಗ ಅವರು ವಾದ ಮಾಡಲಿಲ್ಲ, ಹೆಚ್ಚಿಗೆ ದುಡ್ಡೂ ಕೇಳದೆ ಮತ್ತೆ ಮಾಡಿಕೊಟ್ಟರು. ಈ ಒಂದು ಕಾರಣಕ್ಕೇ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ.

ಇನ್ನೊಂದು ಮಾತು. ಇಂಥ ರಿಪೋರ್ಟ್ ಹಿಡಿದು ಪುಡಿ ಡಬ್ಬದ ಮೇಲೆ 'ಕ್ಯಾನ್ಸರ್ ಗುಣವಾಗುತ್ತದೆ' ಅಂತ ಅಚ್ಚು ಹಾಕುವವರನ್ನು ಕಂಡರೆ ಸಿಟ್ಟು ಬರುತ್ತದೆ. ಪ್ಲೇಟ್‌ನಲ್ಲಿ ಸಾರ ನೇರ ಕೋಶದ ಮೇಲೆ ಬೀಳುತ್ತದೆ, ಹೊಟ್ಟೆಗೆ ಹೋದದ್ದು ಜೀರ್ಣವಾಗಿ, ಲಿವರ್ ದಾಟಿ ಎಷ್ಟು ಉಳಿಯುತ್ತದೆ ಅನ್ನುವುದು ಬೇರೆಯೇ ಕಥೆ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೋಥೆಸಿನ್ ಅನ್ನುವ ವಸ್ತು ಇದೆ. ಈ ವಸ್ತುವಿನ ಬಗ್ಗೆ ಮೊದಲು ವರದಿಯಾಗಿದ್ದು ಚೀನಾದ ಒಂದು ಮರದಿಂದ, 1966ರಲ್ಲಿ. ಅದರಿಂದ ಮಾಡಿದ ಇರಿನೋಟೆಕಾನ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಕರುಳಿನ ಕ್ಯಾನ್ಸರ್‌ಗೆ ಈಗಲೂ ಕೊಡುತ್ತಾರೆ, ಆದರೆ ಅಲ್ಲಿಗೆ ಬರಲು 30 ವರ್ಷ ಹಿಡಿಯಿತು ಅಲ್ವಾ?

ದರ ವಿದ್ಯಾರ್ಥಿಗಳಿಗೆ ಸ್ವಲ್ಪ ಭಾರವೇ. ಪಾರ್ಕಿಂಗ್ ಇದೆ. ದುಡ್ಡು ಕಟ್ಟುವ ಮೊದಲು ಕೋಶಗಳು ಎಲ್ಲಿಂದ ತಂದದ್ದು, ಎಷ್ಟನೇ ಪ್ಯಾಸೇಜ್ (ಎಷ್ಟು ಸಲ ಹೊಸ ಪಾತ್ರೆಗೆ ಬದಲಾಯಿಸಿ ಬೆಳೆಸಿದ್ದು), ಮೈಕೋಪ್ಲಾಸ್ಮಾ (ಕೋಶಗಳಿಗೆ ಕಾಣದಂತೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ) ಟೆಸ್ಟ್ ಆಗಿದೆಯಾ ಅಂತ ಕೇಳಿ. ನನಗೆ ಪುಣೆಯ ಕೋಶ ಭಂಡಾರದಿಂದ ತರಿಸಿದ ಕಾಗದ ತೋರಿಸಿದರು. ಪ್ಲೇಟ್ ರೀಡರ್ (ಬಣ್ಣ ಓದುವ ಯಂತ್ರ) ಕೊಡುವ ಮೂಲ ಸಂಖ್ಯೆಗಳ ಎಕ್ಸೆಲ್ ಫೈಲ್ ಕೊಡುತ್ತೇವೆ ಅಂತ ಮೊದಲೇ ಬರೆಸಿಕೊಳ್ಳಿ, ಗೈಡ್ ಮೊದಲು ಕೇಳುವುದು ಅದನ್ನೇ.