ಕಾಗೆ ಬಿಡಿಸೋಕೆ ವಾಟರ್‌ಕಲರ್ರಾ, ಗುವಾಶಾ, ಟ್ಯಾಬ್ಲೆಟ್ಟಾ?

ಈಚೆಗೆ ಏನ್ ಬಿಡಿಸ್ತಿದೀಯ ಅಂತ ಯಾರ್ ಕೇಳಿದ್ರೂ ನನ್ನ ಉತ್ತರ ಒಂದೇ, ಕಾಗೆ. ಕೆಲಸ ಎಲ್ಲ ಮುಗಿದ್ಮೇಲೆ ನನಗೆ ಅಂತ ಸಿಗೋ ಸ್ವಲ್ಪ ಹೊತ್ತು ಪೂರ್ತಿ ಕಾಗೆಗೇ ಹೋಗ್ತಿದೆ. ಯಾಕಂದ್ರೆ ಒಂದಕ್ಷರಾನೂ ಇಲ್ಲದೆ ಬರೀ ಚಿತ್ರದಲ್ಲೇ ಕಥೆ ಹೇಳೋ 16 ಪುಟದ ಪುಟ್ಟ ಪುಸ್ತಕ ಒಂದು ಮಾಡ್ಬೇಕು ಅಂತ ತುಂಬಾ ಕಾಲದ ಆಸೆ, ಅದರಲ್ಲಿ ಹೀರೋನೇ ಕಾಗೆ. (16 ಯಾಕೆ ಅಂದ್ರೆ ಮಧ್ಯ ಪಿನ್ ಹೊಡೆದು ಮಾಡೋ ಪುಸ್ತಕಕ್ಕೆ ಪುಟ ನಾಲ್ಕರ ಲೆಕ್ಕದಲ್ಲೇ ಇರ್ಬೇಕು, 12 ಕಮ್ಮಿ ಆಯ್ತು, 20 ನನ್ನ ಕೈಲಿ ಸದ್ಯಕ್ಕೆ ಆಗಲ್ಲ.) ಕಥೆ ಕೂತಿದೆ, ಪುಟಪುಟದ ಥಂಬ್‌ನೇಲೂ (ಪುಟ್ಟ ಕಚ್ಚಾ ಚಿತ್ರ) ಇದೆ, ಯಾವುದ್ರಲ್ಲಿ ಬಣ್ಣ ಹಾಕೋದು ಅನ್ನೋದೊಂದೇ ಇತ್ಯರ್ಥ ಆಗಿರ್ಲಿಲ್ಲ. ನನ್ನ ಹತ್ರ ಮೂರೂ ಇದೆ, ವಾಟರ್‌ಕಲರ್, ಗುವಾಶ್ (ಕೆಳಗಿನ ಬಣ್ಣ ಮುಚ್ಚೋ ನೀರಿನ ಬಣ್ಣ), ಆಮೇಲೆ ಸ್ಕ್ರೀನ್ ಇಲ್ಲದ ಒಂದು ಡ್ರಾಯಿಂಗ್ ಟ್ಯಾಬ್ಲೆಟ್ ಜೊತೆಗೆ ಕ್ರಿಟಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್. ಸರಿ ಅಂತ ಒಂದೇ ಚಿತ್ರಾನ, ಗೋಡೆ ಮೇಲೆ ಕೂತು ತಲೆ ತಿರುಗಿಸಿ ನೋಡ್ತಿರೋ ಕಾಗೆ, ಹಿಂದಗಡೆಯಿಂದ ಸಂಜೆ ಬೆಳಕು, ಎ5 ಸೈಜಲ್ಲಿ ಮೂರರಲ್ಲೂ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ.

ಮೀಡಿಯಮ್ ಹೋಲಿಕೆ ಅಂದ್ರೆ ಸಾಮಾನ್ಯವಾಗಿ ಯಾವುದು ಪಾರದರ್ಶಕ, ಯಾವುದು ಬೇಗ ಒಣಗುತ್ತೆ, ಯಾವುದು ಸುಲಭ ಅಂತ ಹೇಳ್ತಾರೆ. ಅದೆಲ್ಲ ಬೇಕು, ಆದ್ರೆ ನನಗೆ ಇದರಲ್ಲಿ ಗೊತ್ತಾಗಿದ್ದು, ನಾವು ಬಿಡಿಸೋ ರೀತಿಲಿ ಕೆಲವು ಅಭ್ಯಾಸಗಳು ಬೇರು ಬಿಟ್ಟಿರುತ್ತಲ್ಲ, ಅವುಗಳ ಜೊತೆ ಯಾವ ಮೀಡಿಯಮ್ ಹೊಂದ್ಕೊಳ್ಳುತ್ತೆ ಅನ್ನೋದೇ ಕೊನೆಗೆ ಲೆಕ್ಕಕ್ಕೆ ಬರೋದು. ನನ್ನವು ಹೇಳ್ಬಿಡ್ತೀನಿ. ನಾನು ಯಾವಾಗ್ಲೂ ಕಣ್ಣಿಂದ ಶುರು ಮಾಡ್ತೀನಿ, ಕಣ್ಣಿಗೆ ಜೀವ ಬರೋವರೆಗೂ ರೆಕ್ಕೆ ಮುಟ್ಟಲ್ಲ. ನಾನು ಬಿಡಿಸೋ ಹಕ್ಕಿಗಳೆಲ್ಲ ಎಡಕ್ಕೇ ಮುಖ ಮಾಡ್ತವೆ. ಬೆಳಕಿನ ಬಣ್ಣಾನ ನಾನು ತುಂಬಾ ತಡವಾಗಿ ನಿರ್ಧಾರ ಮಾಡೋದು, ಅರ್ಧ ಚಿತ್ರ ಆದ್ಮೇಲೆ. ಮತ್ತೆ ಒಂದೇ ಕೂತಲ್ಲಿ ಮುಗ್ಸಲ್ಲ, ಬಿಟ್ಟು ಬಿಟ್ಟು ಬರ್ತೀನಿ.

ವಾಟರ್‌ಕಲರಿಂದ ಶುರು ಮಾಡೋಣ, ನನಗೆ ಅದರ ಮೇಲೆ ಇರೋ ಪ್ರೀತಿ ದೊಡ್ಡದು. 300 ಜಿಎಸ್‌ಎಂ (ಪೇಪರಿನ ತೂಕದ ಲೆಕ್ಕ) ಕಾಟನ್ ಪೇಪರ್, ಕೋಲ್ಡ್ ಪ್ರೆಸ್, ಅಂದ್ರೆ ಮೇಲ್ಮೈ ಸ್ವಲ್ಪ ಉಬ್ಬುತಗ್ಗಿರೋದು. ಇದಕ್ಕಿಂತ ತೆಳು ಪೇಪರಾದ್ರೆ ನೀರು ಬಿದ್ದ ತಕ್ಷಣ ಉಬ್ಬುತ್ತೆ, ಹಲಗೆಗೆ ಟೇಪ್ ಹಾಕಿ ಎಳೆದು ಕೂರಿಸ್ಬೇಕು. ಕಪ್ಪು ಟ್ಯೂಬ್ ಮುಟ್ಟದೇ ಅಲ್ಟ್ರಾಮರೀನ್ ಬ್ಲೂ ಮತ್ತೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು ಕಂದು, ಎರಡನ್ನೇ ಸೇರಿಸಿ ಕಾಗೆ ಬಣ್ಣ ಮಾಡಿದೆ. ಒದ್ದೆ ಇರೋವಾಗ ಇದನ್ನ ನೋಡೋದೇ ಒಂದು ಸುಖ. ಅಲ್ಟ್ರಾಮರೀನ್ ಕಣ ದಪ್ಪ, ಅದು ಪೇಪರಿನ ಗುಂಡಿಗಳಲ್ಲಿ ಹೋಗಿ ಕೂರುತ್ತೆ, ಕಂದು ಬೇರೆಯಾಗಿ ಅಂಚಿಗೆ ಸರಿಯುತ್ತೆ, ಒಣಗಿದ್ಮೇಲೆ ಹತ್ರದಿಂದ ನೋಡಿದ್ರೆ ಕಪ್ಪಿನ ಒಳಗೆ ನೀಲಿ ಪುಡಿ ಚೆಲ್ಲಿದ ಹಾಗೆ ಕಾಣುತ್ತೆ. ರೆಕ್ಕೆ ಇನ್ನೂ ಒದ್ದೆ ಇದ್ದಾಗ ಬೆನ್ನಿನ ಜಾಗದಲ್ಲಿ ಥ್ಯಾಲೋ ಬ್ಲೂ ಒಂದು ಹನಿ ಬಿಟ್ಟೆ, ಕಾಗೆ ಪುಕ್ಕದ ಮೇಲೆ ಬಿಸಿಲು ಜಾರಿದಾಗ ಕಾಣೋ ಆ ನೀಲಿ ಹೊಳಪು ತಾನಾಗೇ ಬಂತು. ಇನ್ಯಾವ ಮೀಡಿಯಮ್ಮಲ್ಲೂ ಇದು ಇಷ್ಟು ಸಲೀಸಾಗಿ ಬರ್ಲಿಲ್ಲ.

ಕಣ್ಣಿಂದ ಶುರು ಮಾಡೋ ಅಭ್ಯಾಸಕ್ಕೂ ವಾಟರ್‌ಕಲರ್ ಒಪ್ಪುತ್ತೆ, ಯಾಕಂದ್ರೆ ಇಲ್ಲಿ ಬಿಳಿ ಅಂದ್ರೆ ಪೇಪರಿನ ಬಿಳಿ, ಕಣ್ಣಿನ ಮಿಂಚಿನ ಚುಕ್ಕೆನ ಮೊದಲೇ ಬಿಟ್ಕೊಂಡೇ ಮುಂದೆ ಹೋಗ್ಬೇಕು. ಆದ್ರೆ ಬೆಳಕಿನ ಬಣ್ಣ ಕೊನೇಲಿ ಬದಲಾಯಿಸ್ತೀನಿ ಅಂದ್ರೆ ಇಲ್ಲಿ ದಾರಿ ಇಲ್ಲ. ಹಿನ್ನೆಲೆಗೆ ಕಿತ್ತಳೆ ವಾಶ್ (ನೀರು ಬೆರೆಸಿ ಹರಡೋ ತೆಳು ಪದರ) ಹಾಕಿದ್ಮೇಲೆ ಇದು ತಣ್ಣಗಿನ ಗುಲಾಬಿ ಆಗಿದ್ರೆ ಚೆನ್ನಾಗಿತ್ತು ಅನ್ಸಿದ್ರೆ ಮುಗೀತು. ಒದ್ದೆ ಬ್ರಶ್ಶಲ್ಲಿ ಉಜ್ಜಿ ಸ್ವಲ್ಪ ಎತ್ತಬಹುದು, ಅಲ್ಟ್ರಾಮರೀನ್ ಚೆನ್ನಾಗಿ ಎದ್ದು ಬರುತ್ತೆ, ಥ್ಯಾಲೋ ಥರದ್ದು ಪೇಪರಿಗೆ ಕಚ್ಚಿದ್ರೆ ಬಿಡೋದೇ ಇಲ್ಲ. ಬಿಟ್ಟು ಬಿಟ್ಟು ಬರೋದೂ ಕಷ್ಟ, ಒಂದು ವಾಶ್ ಶುರು ಮಾಡಿದ್ರೆ ಅದರ ಅಂಚು ಒಣಗೋದ್ರೊಳಗೆ ಮುಗಿಸ್ಲೇಬೇಕು, ಮಧ್ಯದಲ್ಲಿ ಎದ್ದು ಹೋಗಿ ವಾಪಸ್ ಬಂದು ಅದಕ್ಕೆ ನೀರು ತಾಗಿಸಿದ್ರೆ ಹೂಕೋಸಿನ ಅಂಚಿನ ಥರ ಕಲೆ ಏಳುತ್ತೆ. ಇನ್ನೊಂದು ದೊಡ್ಡ ವಿಷಯ, ವಾಟರ್‌ಕಲರ್ ಒಣಗಿದ್ಮೇಲೆ ತಿಳಿಯಾಗುತ್ತೆ. ಒದ್ದೆಲಿ ಕಡುಕಪ್ಪು ಕಾಣೋದು ಒಣಗಿದ್ಮೇಲೆ ಬೂದು. ಅದನ್ನ ಗಾಢ ಮಾಡೋಕೆ ಇನ್ನೊಂದು ಪದರ, ಮತ್ತೊಂದು ಪದರ ಅಂತ ಹೋದ್ರೆ ಕೆಳಗಿಂದು ಕದಡಿ ಆ ಚಂದದ ನೀಲಿ ಕಣಗಳೆಲ್ಲ ರಾಡಿ ಆಗ್ತವೆ. ಒಂದು ಕಾಗೆಗೆ ಇದು ನಡೆಯುತ್ತೆ, 16 ಪುಟದಲ್ಲಿ ಅದೇ ಕಾಗೆ ಅದೇ ಥರ ಕಾಣ್ಬೇಕು ಅಂದ್ರೆ ನೀರು ನನ್ನ ಮಾತು ಕೇಳಲ್ಲ.

ಟ್ಯಾಬ್ಲೆಟ್ ಬಗ್ಗೆ ಜನ ಎರಡು ಥರ ಮಾತಾಡ್ತಾರೆ, ಅನ್‌ಡೂ (ಮಾಡಿದ್ದನ್ನ ಅಳಿಸಿ ಹಿಂದಕ್ಕೆ ಹೋಗೋದು) ಇದೆಯಲ್ಲ ಅದೇನು ಕಲೆ ಅಂತ ಒಬ್ರು, ಇನ್ನು ಪೇಪರ್ ಯಾಕೆ ಬೇಕು ಅಂತ ಇನ್ನೊಬ್ರು. ನನಗೆ ಎರಡೂ ಸರಿ ಅನ್ಸಲ್ಲ. ಟ್ಯಾಬ್ಲೆಟ್ಟಲ್ಲೂ ಕೈ ಪಳಗ್ಬೇಕು, ಅದರಲ್ಲೂ ಸ್ಕ್ರೀನ್ ಇಲ್ಲದ್ದು ಆದ್ರೆ ಕೈ ಮೇಜಿನ ಮೇಲೆ, ಕಣ್ಣು ಎದುರುಗಡೆ ಮಾನಿಟರಲ್ಲಿ, ಇದು ಕೂಡಿ ಬರೋಕೆ ಟೈಮ್ ಬೇಕು, ಒಮ್ಮೆ ಕೂಡಿ ಬಂದ್ರೆ ಮಾತ್ರ ಕತ್ತು ಬಗ್ಗಿಸದೇ ನೆಟ್ಟಗೆ ಕೂತು ಬಿಡಿಸ್ಬಹುದು, ಬೆನ್ನಿಗೆ ಅದೆಷ್ಟು ಹಿತ ಅಂತ ಹೇಳೋಕಾಗಲ್ಲ. ಡಬ್ಬದ ಮೇಲೆ ಬರೆಯೋ 8192 ಪ್ರೆಶರ್ ಲೆವೆಲ್ ಅನ್ನೋದಕ್ಕೆ ನಾನು ಜಾಸ್ತಿ ಬೆಲೆ ಕೊಡಲ್ಲ, ಪೆನ್ನಿನ ಪ್ರೆಶರ್ ಕರ್ವ್ (ಎಷ್ಟು ಒತ್ತಿದ್ರೆ ಗೆರೆ ಎಷ್ಟು ಬದಲಾಗ್ಬೇಕು ಅನ್ನೋ ಸೆಟ್ಟಿಂಗ್) ನಮ್ಮ ಕೈಭಾರಕ್ಕೆ ಸರಿಯಾಗಿ ಸೆಟ್ ಮಾಡ್ಕೊಳ್ಳೋದು ಅದಕ್ಕಿಂತ ತುಂಬಾ ಮುಖ್ಯ.

ನನ್ನ ಅಭ್ಯಾಸಗಳಲ್ಲಿ ಎಡಕ್ಕೆ ಮುಖ ಮಾಡೋ ಹಕ್ಕಿ ಇದೆಯಲ್ಲ, ಅದಕ್ಕೆ ಮದ್ದು ಸಿಕ್ಕಿದ್ದು ಇಲ್ಲೇ. ಬಲಗೈಲಿ ಬಿಡಿಸೋರಿಗೆ ಎಡಕ್ಕೆ ನೋಡೋ ಮುಖದ ಗೆರೆ ಸಹಜವಾಗಿ ಓಡುತ್ತೆ, ಬಲಕ್ಕೆ ತಿರುಗಿಸಿದ್ರೆ ಕೊಕ್ಕು ಗಟ್ಟಿಯಾಗುತ್ತೆ, ಕತ್ತು ಬಿಗಿಯಾಗುತ್ತೆ. ಬಿಡಿ ಚಿತ್ರಕ್ಕೆ ಇದೇನೂ ತೊಂದರೆ ಇಲ್ಲ, ಆದ್ರೆ ನಮ್ಮ ಪುಸ್ತಕ ಓಡೋದು ಎಡದಿಂದ ಬಲಕ್ಕೆ, ಕಥೇಲಿ ಮುಂದೆ ಹೋಗೋ ಕಾಗೆ ಬಲಕ್ಕೆ ನೋಡ್ಬೇಕು, ಎಡಕ್ಕೆ ನೋಡಿದ್ರೆ ಪುಟ ತಿರುಗಿಸೋ ಕೈಗೆ ಎದುರಾಗಿ ವಾಪಸ್ ಹೋಗ್ತಿದೆ ಅನ್ಸುತ್ತೆ. ಕ್ರಿಟಾದಲ್ಲಿ ಎಂ ಕೀ ಒತ್ತಿದ್ರೆ ಕ್ಯಾನ್ವಾಸ್ ಕನ್ನಡಿ ಥರ ತಿರುಗುತ್ತೆ. ನನ್ನ ಕೈಗೆ ಬರೋ ಹಾಗೆ ಎಡಕ್ಕೇ ಬಿಡಿಸಿ, ತಿರುಗಿಸಿ, ಆ ಕಡೆಯಿಂದ ವಾಲಿರೋದನ್ನೆಲ್ಲ ತಿದ್ದಿ ಇಟ್ಕೋತೀನಿ. ಇದನ್ನ ಪೇಪರಲ್ಲಿ ಮಾಡ್ಬೇಕಾದ್ರೆ ಕನ್ನಡಿ ಹಿಡ್ಕೊಂಡು ನೋಡ್ಬೇಕು ಇಲ್ಲ ಪೇಪರನ್ನ ಬೆಳಕಿಗೆ ಹಿಡಿದು ಹಿಂದಿನಿಂದ ನೋಡ್ಬೇಕು, ನೋಡಬಹುದು ಅಷ್ಟೇ, ತಿದ್ದೋಕಾಗಲ್ಲ.

ಬೆಳಕಿನ ಬಣ್ಣದ ವಿಷಯದಲ್ಲೂ ಟ್ಯಾಬ್ಲೆಟ್ಟೇ ರಾಜ, ಮೇಲೊಂದು ಲೇಯರ್ (ಪದರ) ಹಾಕಿ, ಅದು ಕೆಳಗಿನದ್ರ ಜೊತೆ ಬೆರೆಯೋ ರೀತಿನ ಮಲ್ಟಿಪ್ಲೈ ಇಟ್ರೆ ಸಂಜೆ ಮೋಡ, ಓವರ್‌ಲೇ ಇಟ್ರೆ ಸಂಜೆ ಬಿಸಿಲು. ಬಿಟ್ಟು ಬಂದ್ರೂ ಬಣ್ಣ ಅದೇ ಬಣ್ಣ, ಕಲರ್ ಪಿಕ್ಕರಲ್ಲಿ ಎತ್ಕೊಂಡ್ರೆ ಆಯ್ತು. ಆದ್ರೂ ಟ್ಯಾಬ್ಲೆಟ್ ಕಾಗೆ ನನಗೆ ಪೂರ್ತಿ ಸಮಾಧಾನ ಕೊಡ್ಲಿಲ್ಲ. ಕಪ್ಪು ತುಂಬಿದ ಜಾಗ ಬರೀ ಕಪ್ಪಾಗೇ ಇರುತ್ತೆ, ಅದರಲ್ಲಿ ಪುಕ್ಕದ ಉಸಿರಾಟ ತರೋಕೆ ಟೆಕ್ಸ್ಚರ್ ಬ್ರಶ್ ಹುಡುಕಿ, ಅದನ್ನ ತಿದ್ದಿ, ಒಂದರ ಮೇಲೊಂದು ಸೇರಿಸ್ತಾ ಹೋಗ್ಬೇಕು, ಪೇಪರಲ್ಲಿ ಪುಕ್ಸಟ್ಟೆ ಸಿಗೋದನ್ನ ಇಲ್ಲಿ ಒಂದೊಂದಾಗಿ ಕಟ್ಟಬೇಕು. ಮತ್ತೆ ದಿನವಿಡೀ ಸ್ಕ್ರೀನ್ ನೋಡಿದ ಕಣ್ಣಿಗೆ ಮತ್ತೆ ಸ್ಕ್ರೀನು.

ಈಗ ಗುವಾಶ್. ಇದನ್ನ ನಾನು ವಾಟರ್‌ಕಲರಿನ ತಮ್ಮ ಅಂತ ಮಾತ್ರ ಅಂದ್ಕೊಂಡಿದ್ದೆ, ಬೈಂಡರ್ ಎರಡಕ್ಕೂ ಅದೇ ಗಮ್ ಅರಾಬಿಕ್. ಆದ್ರೆ ಇದರಲ್ಲಿ ಪಿಗ್ಮೆಂಟ್ ಜಾಸ್ತಿ, ಕೆಲವದ್ರಲ್ಲಿ ಸೀಮೆಸುಣ್ಣದ ಥರದ ಬಿಳಿ ಪುಡಿ ಕೂಡ ಇರುತ್ತೆ, ಅದಕ್ಕೇ ಕೆಳಗಿನ ಬಣ್ಣ ಮುಚ್ಚುತ್ತೆ, ಒಣಗಿದ್ರೆ ಮ್ಯಾಟ್. ಕಾಗೆಗೆ ಈ ಮ್ಯಾಟ್ ಅನ್ನೋದು ವರ. ಟ್ಯೂಬಿಂದ ತೆಗೆದ ಲ್ಯಾಂಪ್ ಬ್ಲ್ಯಾಕ್ ಹಾಗೇ ಹಚ್ಚಿದ್ರೆ ಪೇಪರಲ್ಲಿ ತೂತು ಬಿದ್ದ ಹಾಗಿರುತ್ತೆ, ಅದಕ್ಕೆ ಅಲ್ಟ್ರಾಮರೀನ್ ಸ್ವಲ್ಪ, ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಚೂರೇ ಚೂರು ಸೇರಿಸಿ ಮೊದಲು ಕಾಗೆಯ ಮೈ ಇಡೀ ಒಂದೇ ಬಣ್ಣ ಬಳಿದೆ. ಅದು ಒಣಗಿದ್ಮೇಲೆ ನೀಲಿ ಬೂದು ಬಣ್ಣದಲ್ಲಿ, ಬ್ರಶ್ ಅರ್ಧ ಒಣಗಿಸಿ, ರೆಕ್ಕೆ ಗರಿಗಳ ಅಂಚು ಮಾತ್ರ ಎಳೆದೆ. ಆಮೇಲೆ ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆ ಮುಚ್ಚೋ ಹಾಗೆ ಮುಂದಕ್ಕೆ ಬಾಗಿರೋ ಸಣ್ಣ ಮೀಸೆಯಂಥ ಪುಕ್ಕ ಇರುತ್ತಲ್ಲ, ಕಾಗೆ ಮುಖಕ್ಕೆ ಗತ್ತು ಬರೋದೇ ಅದರಿಂದ, ಅದನ್ನ ಜೀರೋ ನಂಬರ್ ಬ್ರಶ್ಶಲ್ಲಿ ಗೆರೆ ಗೆರೆಯಾಗಿ ಹಾಕಿದೆ, ಕಪ್ಪಿನ ಮೇಲೆ ತಿಳಿ ಗೆರೆ ಸಲೀಸಾಗಿ ಕೂತ್ಕೊಳ್ತು. ವಾಟರ್‌ಕಲರಲ್ಲಿ ಇದನ್ನ ಮಾಡೋಕೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದ ಹಾಗೆ ಪೇಪರ್ ಮುಚ್ಚಿಡೋ ದ್ರವ) ಬೇಕಾಗಿತ್ತು.

ಇಲ್ಲೂ ಕಲಿಯೋದಿದೆ. ಗುವಾಶಲ್ಲಿ ತಿಳಿ ಬಣ್ಣ ಒಣಗಿದ್ರೆ ಗಾಢವಾಗುತ್ತೆ, ಗಾಢ ಬಣ್ಣ ಒಣಗಿದ್ರೆ ತಿಳಿಯಾಗುತ್ತೆ, ಅಂದ್ರೆ ಎರಡೂ ಮಧ್ಯಕ್ಕೆ ಸರಿಯುತ್ತೆ. ಒದ್ದೆ ಬಣ್ಣ ನೋಡಿ ನಂಬೋ ಹಾಗಿಲ್ಲ, ಪಕ್ಕದಲ್ಲಿ ಅದೇ ಪೇಪರಿನ ಚೂರಿಟ್ಕೊಂಡು ಹಚ್ಚಿ ಒಣಗಿಸಿ ನೋಡಿ ಆಮೇಲೇ ಚಿತ್ರಕ್ಕೆ. ಮೇಲಿನ ಪದರದಲ್ಲಿ ನೀರು ಜಾಸ್ತಿ ಆದ್ರೆ ಕೆಳಗಿನ ಬಣ್ಣ ಎದ್ದು ಬರುತ್ತೆ, ಬ್ರಶ್ಶಿಂದ ತೊಟ್ಟಿಕ್ಕದಷ್ಟು ಗಟ್ಟಿ ಇರ್ಬೇಕು, ಒಂದೇ ಸಲ ಎಳೆದು ಕೈ ತೆಗೀಬೇಕು, ಉಜ್ಜಬಾರ್ದು. ಹಾಗಂತ ತೀರಾ ದಪ್ಪ ಹಚ್ಚಿದ್ರೆ ಬಿರುಕು. ಕಪ್ಪು ಜಾಗಕ್ಕೆ ಬೆರಳು ಸವರಿದ್ರೆ ಅಲ್ಲಿ ಹೊಳಪಿನ ಕಲೆ ಉಳಿಯುತ್ತೆ, ಅದಕ್ಕೇ ಮುಗಿದ ಪುಟಗಳ ಮಧ್ಯೆ ಗ್ಲಾಸೀನ್ ಅನ್ನೋ ನಯವಾದ ತೆಳು ಹಾಳೆ ಇಡೋದು. ಇದರ ರಗಳೆ ಬೇಡ ಅನ್ನೋರಿಗೆ ಅಕ್ರಿಲಿಕ್ ಗುವಾಶ್ ಇದೆ, ಒಣಗಿದ್ರೆ ಮತ್ತೆ ಕರಗಲ್ಲ. ಅದನ್ನೂ ನೋಡಿದೆ, ಆದ್ರೆ ಅಂಚನ್ನ ಒದ್ದೆ ಬ್ರಶ್ಶಲ್ಲಿ ಆಮೇಲೆ ಮೃದು ಮಾಡೋ ಅವಕಾಶಾನೂ ಅಲ್ಲಿಗೇ ಹೋಗುತ್ತೆ, ನನಗದು ಬೇಕು.

ಅಭ್ಯಾಸದ ಲೆಕ್ಕ ನೋಡಿದ್ರೆ ಬಿಟ್ಟು ಬಿಟ್ಟು ಬರೋರಿಗೆ ಗುವಾಶ್ ಹೇಳಿ ಮಾಡಿಸಿದ ಹಾಗಿದೆ. ಇವತ್ತು ಗೋಡೆ, ನಾಳೆ ಬಾಲ. ಪ್ಯಾಲೆಟ್ಟಲ್ಲಿ ಬಣ್ಣ ಒಣಗೋದು ಒಂದು ಸಮಸ್ಯೆ, ಮುಚ್ಚಳ ಇರೋ ಡಬ್ಬದಲ್ಲಿ ಒದ್ದೆ ಸ್ಪಾಂಜು, ಅದರ ಮೇಲೆ ಪಾರ್ಚ್‌ಮೆಂಟ್ ಪೇಪರ್ ಹಾಕಿ ಬಣ್ಣ ಇಟ್ರೆ ಕೆಲವು ದಿನ ತಾಜಾ ಇರುತ್ತೆ, ತುಂಬಾ ದಿನ ಮುಚ್ಚಿಟ್ರೆ ಬೂಸ್ಟು ಬರುತ್ತೆ, ನೋಡ್ಕೋಬೇಕು. ಬೆಳಕಿನ ಬಣ್ಣ ಬದಲಾಯಿಸ್ಬೇಕಾ, ಆಕಾಶದ ಮೇಲೆ ಇನ್ನೊಂದು ಆಕಾಶ ಹಚ್ಚು. ಕಣ್ಣಿಂದ ಶುರು ಮಾಡೋದು ಮಾತ್ರ ಇಲ್ಲಿ ಬಿಡ್ಬೇಕಾಯ್ತು, ಮಿಂಚಿನ ಚುಕ್ಕೆ ಕಟ್ಟಕಡೆಗೆ ಬರೋದು. ಮೊದಲು ಕಷ್ಟ ಅನ್ನಿಸ್ತು, ಕಣ್ಣಿಲ್ಲದ ಕಾಗೆ ಜೊತೆ ಅಷ್ಟು ಹೊತ್ತು ಕೂರೋದು. ಆದ್ರೆ ಕೊನೆಗೆ ಆ ಒಂದು ಬಿಳಿ ಚುಕ್ಕೆ ಇಟ್ಟ ತಕ್ಷಣ ಇಡೀ ಹಕ್ಕಿ ತಿರುಗಿ ನೋಡಿದ ಹಾಗಾಯ್ತಲ್ಲ, ಈಗ ಅದಕ್ಕೋಸ್ಕರಾನೇ ಕಾಯ್ತೀನಿ.

ಸ್ಕ್ಯಾನ್ ಮಾಡಿದಾಗ ಗೆದ್ದಿದ್ದೂ ಗುವಾಶೇ. ವಾಟರ್‌ಕಲರಿನ ತೀರಾ ತಿಳಿ ವಾಶ್ ಸ್ಕ್ಯಾನರಲ್ಲಿ ಮಾಯ ಆಗುತ್ತೆ, ಕೋಲ್ಡ್ ಪ್ರೆಸ್ಸಿನ ಉಬ್ಬುತಗ್ಗಿಗೆ ನೆರಳು ಬೀಳುತ್ತೆ. ಗುವಾಶ್ ಮ್ಯಾಟ್ ಆಗಿರೋದ್ರಿಂದ ಬೆಳಕು ಹೊಡೆಯಲ್ಲ, ಬಣ್ಣ ಹೆಚ್ಚುಕಮ್ಮಿ ಇದ್ದ ಹಾಗೇ ಬರುತ್ತೆ, ಪ್ರಿಂಟಿಗೆ ಕೆಲಸ ಮಾಡೋ ಇಲ್ಲಸ್ಟ್ರೇಟರುಗಳು ಇದನ್ನ ಇಷ್ಟಪಟ್ಟಿದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಪುಸ್ತಕ ಗುವಾಶಲ್ಲೇ, ನಿರ್ಧಾರ ಆಯ್ತು. ಆದ್ರೆ ಆಕಾಶದ ಮೊದಲ ಪದರ ವಾಟರ್‌ಕಲರ್ ವಾಶಲ್ಲಿ ಹಾಕ್ತೀನಿ, ಎರಡೂ ಒಂದೇ ಅಂಟಿನ ಬಣ್ಣ ಆದ್ದರಿಂದ ಜಗಳ ಆಡಲ್ಲ. ಇದು ಹೊಸದೇನಲ್ಲ, ಜರ್ಮನಿಯ ಚಿತ್ರಕಾರ ಆಲ್‌ಬ್ರೆಕ್ಟ್ ಡ್ಯೂರರ್ 1502ರಲ್ಲಿ ಬಿಡಿಸಿದ ಆ ಪ್ರಸಿದ್ಧ ಮೊಲ ಇದೆಯಲ್ಲ, ಅದು ವಾಟರ್‌ಕಲರ್ ಮತ್ತೆ ಮುಚ್ಚೋ ಬಣ್ಣ ಎರಡನ್ನೂ ಸೇರಿಸಿ ಮಾಡಿದ್ದೇ, ಆ ಮೊಲದ ಒಂದೊಂದು ರೋಮ ನೋಡಿದ್ರೆ ನನಗೆ ಕಾಗೆ ಮೀಸೆ ಬಿಡಿಸೋಕೆ ಧೈರ್ಯ ಬರುತ್ತೆ. ನಿಮ್ಮ ಚಿತ್ರದಲ್ಲಿ ಮಂಜು, ನೀರು, ಹೂವಿನ ಎಸಳು ಜಾಸ್ತಿ ಇದ್ರೆ ಗುವಾಶ್ ತಗೋಬೇಡಿ, ವಾಟರ್‌ಕಲರೇ ಸರಿ. ಮಾತು, ಬಲೂನು, ಪುಟಕ್ಕೆ ಆರೇಳು ಚೌಕ ಇರೋ ಕಾಮಿಕ್ಸ್ ಆದ್ರೆ ಎರಡೂ ಬಿಟ್ಟು ಟ್ಯಾಬ್ಲೆಟ್.

ನನ್ನ ಟ್ಯಾಬ್ಲೆಟ್ಟಿಗೂ ಕೆಲಸ ಇದೆ, ಪ್ರತಿ ಪುಟದ ಬಣ್ಣದ ಪ್ರಯೋಗ, ಬಲಕ್ಕೆ ತಿರುಗಿಸೋ ಕೆಲಸ, ಕೊನೆಗೆ ಪುಟ ಜೋಡಿಸೋದು. ಎ5 ಪುಟದ ಸುತ್ತ 3 ಎಂಎಂ ಬ್ಲೀಡ್ (ಕತ್ತರಿಸೋಕೆ ಅಂತ ಬಿಡೋ ಹೆಚ್ಚುವರಿ ಅಂಚು) ಸೇರಿಸಿ 154×216 ಎಂಎಂ, 300 ಡಿಪಿಐಗೆ ಸುಮಾರು 1819×2551 ಪಿಕ್ಸೆಲ್, ಈ ಸೈಜಿನ ಟೆಂಪ್ಲೇಟ್ ಮಾಡಿಟ್ಟಿದೀನಿ. ಇನ್ನು ತಲೆ ತಿಂತಿರೋದು ಏಳನೇ ಪುಟ. ಅಲ್ಲಿ ರಾತ್ರಿ, ಕಪ್ಪು ಆಕಾಶದಲ್ಲಿ ಕಪ್ಪು ಕಾಗೆ. ಪ್ರಿಂಟಲ್ಲಿ ಬರೀ ಕಪ್ಪು ಇಂಕ್ ಮಾತ್ರ 100 ಪರ್ಸೆಂಟ್ ಕೊಟ್ರೆ ಅದು ಬೂದಿಯ ಕಪ್ಪಾಗಿ ಕಾಣುತ್ತೆ, ಅದರ ಜೊತೆ ಪ್ರಿಂಟಿನ ಇನ್ನು ಮೂರು ಇಂಕ್, ಸಯಾನ್ (ನೀಲಿ), ಮಜೆಂಟಾ (ಗುಲಾಬಿ ಕೆಂಪು), ಯೆಲ್ಲೋ ಸ್ವಲ್ಪ ಸೇರಿಸಿದ್ರೆ ಆಳ ಬರುತ್ತೆ, ಎಲ್ಲಾ ಸೇರಿ ಇಂಕ್ ಮಿತಿ ಮೀರಿದ್ರೆ ಒಣಗದೇ ಎದುರು ಪುಟಕ್ಕೆ ಅಂಟುತ್ತೆ. ಎಷ್ಟರವರೆಗೆ ಹೋಗಬಹುದು ಅನ್ನೋದನ್ನ ಪ್ರೆಸ್ಸಿನವರನ್ನೇ ಕೇಳ್ಬೇಕು. ಕಾಗೆಗೆ ಸಯಾನ್ ಜಾಸ್ತಿ ಇರೋ ತಣ್ಣಗಿನ ಕಪ್ಪು, ಆಕಾಶಕ್ಕೆ ಮಜೆಂಟಾ ಕಡೆ ವಾಲಿದ ಕಪ್ಪು, ಹೀಗೆ ಎರಡು ಕಪ್ಪು ಬೇರೆ ಬೇರೆ ನಿಲ್ಲುತ್ತಾ ಅಂತ ನೋಡೋಕೆ ಆ ಒಂದು ಪುಟವನ್ನೇ ಮೊದಲು ಬಣ್ಣ ಹಾಕಿ, ಸ್ಕ್ಯಾನ್ ಮಾಡಿ, ಪ್ರೂಫ್ (ಪರೀಕ್ಷೆಯ ಪ್ರಿಂಟ್) ತೆಗೆಸ್ತೀನಿ. ಅದು ಸರಿ ಬಂದ್ರೆ ಒಂದನೇ ಪುಟದಿಂದ ಶುರು, ಬರ್ಲಿಲ್ಲ ಅಂದ್ರೆ ಆ ರಾತ್ರಿಗೆ ಬೆಳದಿಂಗಳು ತರ್ಬೇಕು, ಅದಕ್ಕೂ ಒಂದು ಥಂಬ್‌ನೇಲ್ ಬಿಡಿಸಿ ಇಟ್ಟಿದೀನಿ.