ಡೈಸ್, ಓಸ್‌ಮೋಸಿಸ್, ಜಿಕ್ಯಾಮ್: ಯಾವ ಮಾಡೆಲ್ ಕಲಿಯುವುದು?

ಹವಾಮಾನ ನೀತಿಯ ಮಾಡೆಲಿಂಗ್ ಕಲಿಯಬೇಕು, ಡೈಸ್ (DICE), ಓಸ್‌ಮೋಸಿಸ್ (OSeMOSYS), ಜಿಕ್ಯಾಮ್ (GCAM) ಎಂಬ ಈ ಮೂರು ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ಮೂರೂ ಉತ್ತರಿಸುವ ಪ್ರಶ್ನೆಗಳೇ ಬೇರೆ.

ಡೈಸ್ 2018ರ ಅರ್ಥಶಾಸ್ತ್ರದ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್ ಅವರದ್ದು. ಇಡೀ ಜಗತ್ತನ್ನು ಒಂದೇ ಆರ್ಥಿಕತೆ ಅಂತ ಹಿಡಿದು, ತಾಪ ಏರಿದರೆ ಆಗುವ ನಷ್ಟ ಮತ್ತು ತಡೆಯಲು ತಗಲುವ ಖರ್ಚು ಎರಡನ್ನೂ ತೂಗುತ್ತದೆ. ಓಸ್‌ಮೋಸಿಸ್ ವಿದ್ಯುತ್, ಇಂಧನದ ಬೇಡಿಕೆಯನ್ನು ಅತಿ ಕಡಿಮೆ ಖರ್ಚಿನಲ್ಲಿ ಪೂರೈಸುವ ದಾರಿ ಹುಡುಕುತ್ತದೆ. ಜಿಕ್ಯಾಮ್ ಜಗತ್ತನ್ನು 32 ವಲಯಗಳಾಗಿ ಒಡೆದು ಇಂಧನ, ಕೃಷಿ, ಭೂಮಿ, ನೀರು ಎಲ್ಲವನ್ನೂ ಜೋಡಿಸುತ್ತದೆ.

ದುಡ್ಡಿನ ಚಿಂತೆ ಬೇಡ. ಓಸ್‌ಮೋಸಿಸ್, ಜಿಕ್ಯಾಮ್ ಮುಕ್ತ ತಂತ್ರಾಂಶ. ಡೈಸ್ ಸ್ಪ್ರೆಡ್‌ಶೀಟ್‌ನಲ್ಲೂ ಓಡುತ್ತದೆ.

ಕಲಿಯಲು ಸುಲಭ ಡೈಸ್. ಸಮೀಕರಣಗಳು ಕಡಿಮೆ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಆದರೆ ಹುಷಾರು! ಮುಂದಿನ ತಲೆಮಾರಿನ ನಷ್ಟಕ್ಕೆ ಇಂದು ಎಷ್ಟು ಬೆಲೆ ಎನ್ನುವ ರಿಯಾಯಿತಿ ದರವನ್ನು (ಡಿಸ್ಕೌಂಟ್ ರೇಟ್) ಸ್ವಲ್ಪ ಅಲುಗಾಡಿಸಿದರೂ ಉತ್ತರ ಬೇರೆಯೇ ಆಗುತ್ತದೆ. ಅರ್ಥಶಾಸ್ತ್ರಜ್ಞರ ದೊಡ್ಡ ಜಗಳವೊಂದು ಅಲ್ಲೇ. ಓಸ್‌ಮೋಸಿಸ್‌ನಲ್ಲಿ ಕೋಡ್ ಚಿಕ್ಕದು, ಡೇಟಾ ಕೂಡಿಸುವುದೇ ದೊಡ್ಡ ಕೆಲಸ. ಜಿಕ್ಯಾಮ್‌ನಲ್ಲಿ ಡೇಟಾ ಜೊತೆಗೇ ಬರುತ್ತದೆ, ಅರ್ಥ ಮಾಡಿಕೊಳ್ಳಲು ಮಾತ್ರ ಜಾಸ್ತಿ ಸಮಯ ಬೇಕು.

ಇಂಗಾಲದ ತೆರಿಗೆ ಎಷ್ಟಿರಬೇಕು ಎಂಬುದು ನಿಮ್ಮ ಪ್ರಶ್ನೆಯಾದರೆ ಡೈಸ್. ಒಂದು ದೇಶ ಕಲ್ಲಿದ್ದಲು ಬಿಟ್ಟು ಸೌರಶಕ್ತಿಗೆ ಯಾವಾಗ ಹೊರಳಬೇಕು ಅಂದರೆ ಓಸ್‌ಮೋಸಿಸ್. 5 ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಾ ಸಾಗುವ ಜಿಕ್ಯಾಮ್ ಅದಕ್ಕೆ ಒರಟು. ಜೈವಿಕ ಇಂಧನ ಬೆಳೆದರೆ ಆಹಾರದ ಬೆಲೆ ಏನಾಗುತ್ತದೆ ಅನ್ನುವವರಿಗೆ ಜಿಕ್ಯಾಮ್ ಸರಿ. ಒಬ್ಬರೇ, ಆರು ತಿಂಗಳ ಪ್ರಬಂಧ ಅಂದರೆ ನಾನು ಜಿಕ್ಯಾಮ್ ಹತ್ತಿರ ಹೋಗುವುದಿಲ್ಲ.